ನಮ್ಮೂರಿಗೆ ಎಷ್ಟು ಹೆಸರು ಸ್ವಾಮಿ?

ಪಿರಿಯಾಪಟ್ಟಣದಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಹೊಗೆಸೊಪ್ಪಿನ ಹರಾಜು ನಡೀತಿದ್ದ ದಿನಗಳು. ಪಹಣಿ ತೆಗೆಸೋಕೆ ಬಂದಿದ್ದ ಹಿರಿಯ ರೈತರೊಬ್ಬರು ಅಂಗಡಿ ಹುಡುಗನನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು: ‘ಅಲ್ಲ ಕಣ್ ಮಗ, ನಮ್ಮೂರ್ಗೆ ಇಂಗ್ಲಿಷ್‌ನಲ್ಲಿ ಎಷ್ಟ್ ಹೆಸ್ರವ್ಲಾ?’

ನಗಬೇಡಿ. ಕನ್ನಡದಲ್ಲಿ ಪಿರಿಯಾಪಟ್ಟಣ ಅಂದ್ರೆ ಒಂದೇ ಊರು, ಒಂದೇ ಹೆಸರು. ಇಂಗ್ಲಿಷ್ ಬೋರ್ಡುಗಳಲ್ಲಿ? ಒಂದು ಕಡೆ ಪೆರಿಯಪಟ್ನ, ಇನ್ನೊಂದು ಕಡೆ ಪಿರಿಯಪಟ್ನ. ಹುಣಸೂರಿನ ಕೊನೆಗೆ ‘ಯು’ ಬೇಕೋ ಬೇಡವೋ? ಎಚ್.ಡಿ. ಕೋಟೆಯೋ, ಹೆಗ್ಗಡದೇವನಕೋಟೆಯೋ? ಮನುಷ್ಯ ಅಡ್ಜಸ್ಟ್ ಮಾಡ್ಕೋತಾನೆ. ಕಂಪ್ಯೂಟರ್ ಮಾಡ್ಕೊಳ್ಳಲ್ಲ. ಒಂದಕ್ಷರ ತಪ್ಪಿದ್ರೆ ಅದಕ್ಕೆ ಅದು ಬೇರೆಯೇ ವಿಳಾಸ. ಆ ಒಂದಕ್ಷರದ ಸಂದಿಯಲ್ಲೇ ನಕಲಿ ವೆಬ್‌ಸೈಟಿನವನು ಅಂಗಡಿ ಇಟ್ಟು ಕೂತಿರ್ತಾನೆ.

ಈ ಗೊಂದಲ ಹೊಸದಲ್ಲ. ಒಂದೇ ಜಿಲ್ಲೆಯಲ್ಲಿ ಹೊಸಹಳ್ಳಿ ಎಷ್ಟಿವೆ, ಹೊಸೂರು ಎಷ್ಟಿವೆ, ಲೆಕ್ಕ ಹಾಕಿ. ಪೋಸ್ಟ್‌ಮ್ಯಾನ್ ಪಾಡು ಏನಾಗಬೇಕು? ಅದಕ್ಕೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತ ಕವಿಯೂ ಹೌದು. ಹುಣಸೂರಿಗೆ 571105, ಪಿರಿಯಾಪಟ್ಟಣಕ್ಕೆ 571107, ಎಚ್.ಡಿ. ಕೋಟೆಗೆ 571114, ಕೆ.ಆರ್. ನಗರಕ್ಕೆ 571602. ಹೆಸರನ್ನು ಯಾವ ಭಾಷೆಯಲ್ಲಿ ಹೇಗೆ ಬರೆದರೂ ಆರಂಕಿ ಸರಿಯಿದ್ರೆ ಕಾಗದ ಊರು ಸೇರುತ್ತೆ.

ಇಂಟರ್ನೆಟ್ ನಡೆದದ್ದು ಇದಕ್ಕೆ ತಿರುಗುಮುರುಗಾಗಿ. ಅಲ್ಲಿ ಮೊದಲಿದ್ದದ್ದು ಅಂಕಿ, ಹೆಸರು ಆಮೇಲೆ. ಅಮೆರಿಕದ ಆರ್ಪಾನೆಟ್ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಪಟ್ಟಿಯಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿ ನೋಡ್ಕೋತಿತ್ತು. ಕಂಪ್ಯೂಟರುಗಳು ಹೆಚ್ಚಿದಂತೆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಪರಿಹಾರ ಕೊಟ್ಟರು: ಒಬ್ಬರೇ ಇಡೀ ಪಟ್ಟಿ ಇಟ್ಕೋಬೇಡಿ, ಹಂಚಿಕೊಳ್ಳಿ. ನಮ್ಮ ಲಕೋಟೆ ನೆನಪಿಸಿಕೊಳ್ಳಿ: ಊರು, ಹೋಬಳಿ, ತಾಲ್ಲೂಕು, ಜಿಲ್ಲೆ. ಚಿಕ್ಕದು ಮೊದಲು, ದೊಡ್ಡದು ಕೊನೆಗೆ. ವೆಬ್ ವಿಳಾಸದ ಚುಕ್ಕಿಗಳ ಕ್ರಮವೂ ಅದೇ.

ಅಂಕಿಗಳೂ ಸಾಕಾಗಲಿಲ್ಲ. ಹಳೆಯ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸ ಮಾತ್ರ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿದೇ ಹೋಯ್ತು. 1998ರಲ್ಲೇ ರೂಪಿಸಿದ್ದ ‘ಐಪಿವಿ6’ ಈಗ ಕೈ ಹಿಡಿದಿದೆ.

ಆದ್ರೆ ಅಕ್ಷರದ ಕಥೆ? ಮತ್ತೊಂದು ಆಗಸ್ಟ್ 15, 1995. ಅವತ್ತು ಭಾರತದ ಜನರಿಗೆ ಇಂಟರ್ನೆಟ್ ಸಿಕ್ಕಿತು. ವಿಳಾಸ ಬರೆಯೋಕೆ ಇದ್ದದ್ದು 26 ಇಂಗ್ಲಿಷ್ ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ. ಅಷ್ಟೇ! ಬೇರೆ ಲಿಪಿಗಳಿಗೆ ಬಾಗಿಲು ತೆರೆಯುವ ಮಾನದಂಡ ಬಂದದ್ದು 2003ರಲ್ಲಿ. ನೀವು ಕನ್ನಡದಲ್ಲಿ ಬರೆದದ್ದನ್ನು ಯಂತ್ರ ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಗುಪ್ತನಾಮಕ್ಕೆ ತಿರುಗಿಸಿಕೊಳ್ಳುತ್ತೆ. ಭಾರತದ ಹೆಸರು 2011ರಲ್ಲಿ ಏಳು ಲಿಪಿಗಳಲ್ಲಿ ಇಂಟರ್ನೆಟ್ಟಿನ ಮೂಲ ಪಟ್ಟಿ ಸೇರಿತು. ತೆಲುಗು ಇತ್ತು, ತಮಿಳು ಇತ್ತು. ಕನ್ನಡ? ಇರಲಿಲ್ಲ. ‘ಡಾಟ್ ಭಾರತ’ ನಮ್ಮ ಲಿಪಿಯಲ್ಲಿ ಬರೋಕೆ ಇನ್ನೂ ಕೆಲವು ವರ್ಷ ಕಾಯಬೇಕಾಯ್ತು.

ಇನ್ನೊಂದು ತೊಡಕೂ ಇತ್ತು. ಕನ್ನಡ, ತೆಲುಗು ಒಂದೇ ತಾಯಿಯ ಮಕ್ಕಳು. ಎರಡು ಲಿಪಿಯ ‘ಲ’ ಪಕ್ಕಪಕ್ಕ ಇಟ್ಟರೆ ಕಣ್ಣು ಮೋಸಹೋಗುತ್ತೆ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಮತ್ತೆ ನಕಲಿಯವನಿಗೆ ಹಬ್ಬ! ಹಾಗಾಗಿ ನವಬ್ರಾಹ್ಮಿ ಸಮಿತಿ ಅನ್ನೋ ತಜ್ಞರ ಗುಂಪು ಒಂಬತ್ತು ಲಿಪಿಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನಿಯಮ ಬರೆಯಿತು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರಿದ್ದರೆ ಮೂಲ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ಜಾಗ. ಕನ್ನಡದ ನಿಯಮಾವಳಿ 2019ರಲ್ಲಿ ಜಾಗತಿಕ ಮಾನದಂಡದೊಳಗೆ ಸೇರಿತು.

ಅಂದ್ರೆ ದಾರಿ ಸಿದ್ಧವಾಗಿದೆ. ನಡೆಯೋರು ಎಲ್ಲಿ? ನಮ್ಮ ಎಷ್ಟು ಪಂಚಾಯ್ತಿಗಳ ಗೋಡೆ ಮೇಲೆ, ಎಷ್ಟು ಸಹಕಾರ ಸಂಘಗಳ ರಸೀದಿ ಮೇಲೆ ಕನ್ನಡ ಲಿಪಿಯ ವೆಬ್ ವಿಳಾಸ ನೋಡಿದ್ದೀರಿ? ರಾಜ್ಯೋತ್ಸವದ ದಿನ ಬಾವುಟ ಹಾರಿಸೋದು ಸುಲಭ, ನವೆಂಬರ್ 2ಕ್ಕೆ ವಿಳಾಸ ಮತ್ತೆ ಇಂಗ್ಲಿಷ್.

ಹೊಗೆಸೊಪ್ಪಿನ ದರ, ಪಹಣಿ, ಪಿಂಚಣಿ, ಎಲ್ಲವೂ ಈಗ ಆ ಪರದೆಯ ಹಿಂದಿದೆ. ಬಾಗಿಲ ಮೇಲಿನ ಹೆಸರು ಓದೋಕೆ ಬರದಿದ್ರೆ ಅದು ನನ್ನ ಮನೆಯೋ, ಕಳ್ಳನ ಮನೆಯೋ ಅಂತ ಗೊತ್ತಾಗೋದು ಹೇಗೆ?

ಅಂದು ಅಂಗಡಿ ಹುಡುಗ ಹೇಳಿದ್ದು ಇಷ್ಟೇ: ‘ಬಿಡಣ್ಣ, ನಾನೇ ಹೊಡ್ಕೊಡ್ತೀನಿ.’ ಆ ಹಿರಿಯರು ಸುಮ್ಮನೆ ಹೆಬ್ಬೆಟ್ಟು ಮುಂದೆ ಚಾಚಿದರು. ಕನ್ನಡ ಪೇಪರ್ ಅವರ ಕಂಕುಳಲ್ಲೇ ಇತ್ತು ಸ್ವಾಮಿ!