ಜಾರಿದ ಭುಜ: ಎಷ್ಟು ದಿನದವರೆಗೆ ಎಳೆಯಬಹುದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬಿದ್ದು ಭುಜ ತಪ್ಪಿಸಿಕೊಂಡವರಲ್ಲಿ ಹಲವರು ಮೊದಲು ಹೋಗುವುದು ಎಲುಬು ಕಟ್ಟುವವರ ಬಳಿಗೆ. ಎಣ್ಣೆ ಹಚ್ಚಿ ನೀವಿ, ಬಿದಿರ ದಬ್ಬೆ ಇಟ್ಟು ಕಟ್ಟುತ್ತಾರೆ. ನೋವು ತಗ್ಗುತ್ತದೆ, ಆದರೆ ಕೀಲು ಕೂಡಿರದಿದ್ದರೆ ಕೈ ಮೇಲೇಳುವುದಿಲ್ಲ. ತಿಂಗಳಾದ ಮೇಲೆ ಆಸ್ಪತ್ರೆಗೆ ಬಂದವರ ಮೊದಲ ಪ್ರಶ್ನೆ: ‘ಆಪರೇಷನ್ ಇಲ್ಲದೆ ಆಗುವುದಿಲ್ಲವೆ?’

ನಿಮ್ಮ ಭುಜವನ್ನೊಮ್ಮೆ ಮುಟ್ಟಿ ನೋಡಿ. ಆ ದುಂಡನೆಯ ಆಕಾರದ ಒಳಗೆ ತೋಳಿನ ಮೂಳೆಯ ತಲೆ ಇದೆ. ಅದು ಕುಳಿತಿರುವ ಗುಳಿ ತೀರ ಆಳವಿಲ್ಲದ್ದು. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಸುಲಭವಾಗಿ ಜಾರುವುದೂ ಇದರಿಂದಲೇ.

ಕತ್ತಿ ಹಿಡಿಯದೆ ಕೀಲು ಕೂಡಿಸುವುದು ಹಳೆಯ ವಿದ್ಯೆ. ಸುಶ್ರುತ ಸಂಹಿತೆ ಕೀಲು ತಪ್ಪುವಿಕೆಯಲ್ಲಿ 6, ಮೂಳೆಮುರಿತದಲ್ಲಿ 12 ಬಗೆ ಹೇಳಿ, ಎಳೆಯುವುದು, ಒತ್ತುವುದು, ಕೂಡಿಸುವುದು, ಕಟ್ಟುವುದು ಎಂಬ ಕ್ರಮ ಕೊಡುತ್ತದೆ. ಗ್ರೀಸಿನ ಹಿಪೊಕ್ರಟಿಸ್ ಪರಂಪರೆಯ ವೈದ್ಯರು ರೋಗಿಯ ಕಂಕುಳಿಗೆ ಹಿಮ್ಮಡಿ ಊರಿ ಕೈ ಎಳೆಯುತ್ತಿದ್ದರು. 1870ರಲ್ಲಿ ಸ್ವಿಟ್ಜರ್ಲೆಂಡಿನ ಕೋಕರ್ ಮೊಣಕೈ ಮಡಿಸಿ ತೋಳನ್ನು ಮೆಲ್ಲಗೆ ತಿರುಗಿಸುವ ವಿಧಾನ ಪ್ರಕಟಿಸಿದ.

ಇವೆಲ್ಲ ಹೊಸ ಪೆಟ್ಟಿಗೆ ಸರಿ. ವಾರಗಳು ಕಳೆದಂತೆ ಗುಳಿಯಲ್ಲಿ ನಾರಿನಂಥ ಅಂಗಾಂಶ ತುಂಬುತ್ತದೆ, ಸ್ನಾಯು ಕುಗ್ಗುತ್ತದೆ, ಬಳಸದ ಮೂಳೆ ಮೆದುವಾಗುತ್ತದೆ, ಕಂಕುಳಿನ ರಕ್ತನಾಳ ಗಾಯದ ಕಲೆಗೆ ಅಂಟಿಕೊಳ್ಳಬಹುದು. ಆಗ ಬಲವಾಗಿ ಎಳೆದರೆ ಹರಿಯುವುದು ಯಾವುದು? 1827ರಲ್ಲಿ ಫ್ರಾನ್ಸಿನ ರುವಾನ್ ನಗರದ ಶಸ್ತ್ರವೈದ್ಯ ಫ್ಲೊಬೇರ್ (ಕಾದಂಬರಿಕಾರ ಫ್ಲೊಬೇರನ ತಂದೆ) ಹೀಗೆ ಎಳೆದಾಗ ಆದ ಅನಾಹುತಗಳನ್ನು ಬರೆದಿಟ್ಟ. ತೋಳಿನ ನರಗಳು ಬೇರುಸಹಿತ ಕಿತ್ತುಬಂದ ರೋಗಿಯೂ ಅದರಲ್ಲಿದ್ದಾರೆ. ತನ್ನ ಸೋಲನ್ನು ಅಚ್ಚು ಹಾಕಿಸಿದ್ದು ಅವನ ದೊಡ್ಡತನ. ಲಂಡನ್ನಿನ ಆಸ್ಟ್ಲಿ ಕೂಪರ್ ಆ ಮೊದಲೇ, ಭುಜ ತಪ್ಪಿ ಮೂರು ತಿಂಗಳಾದ ಮೇಲೆ ಎಳೆಯುವುದು ವಿವೇಕವಲ್ಲ ಎಂದಿದ್ದ. 1846ರಲ್ಲಿ ಬಂದ ಈಥರ್ ನೋವು ನೀಗಿಸಿತು, ಅಪಾಯವನ್ನಲ್ಲ.

ಇಂದು ಸಾಮಾನ್ಯವಾಗಿ ಮೂರು ವಾರ ದಾಟಿದ್ದನ್ನೇ ‘ಹಳೆಯದು’ ಎನ್ನುತ್ತಾರೆ. ಎಕ್ಸ್‌ರೇ ನೋಡಿ, ಅರಿವಳಿಕೆ ಕೊಟ್ಟು, ಮೆಲ್ಲಗೆ ಪ್ರಯತ್ನಿಸುವುದು ಕೆಲವರಲ್ಲಿ ಫಲಿಸುತ್ತದೆ. ಬಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ನೋವು ಕಡಿಮೆಯಿದ್ದು, ಊಟಕ್ಕೆ, ಉಡುವುದಕ್ಕೆ ಕೈ ಒದಗುವ ವೃದ್ಧರಲ್ಲಿ ಭುಜವನ್ನು ಹಾಗೆಯೇ ಬಿಟ್ಟು ವ್ಯಾಯಾಮ ಕಲಿಸುವುದೂ ಚಿಕಿತ್ಸೆಯೇ. ದುಡಿಯುವ ವಯಸ್ಸಿನವರಿಗೆ ಬಹುಪಾಲು ಶಸ್ತ್ರಚಿಕಿತ್ಸೆಯೇ ದಾರಿ.

ಮುರಿತದ ಮಾತು ಬೇರೆ. ತೋಳುಮೂಳೆಯ ಮೇಲ್ತುದಿ ಮುರಿದು ಸರಿದ 250 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಕೊನೆಗೆ ಶಸ್ತ್ರಚಿಕಿತ್ಸೆ ಪಡೆದವರಿಗೂ ಜೋಳಿಗೆಯಲ್ಲಿ ಕೈ ಇಟ್ಟುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವು ಹೊಸ ಮುರಿತಗಳು. ಮುರಿತದ ಜೊತೆಗೆ ಕೀಲೂ ತಪ್ಪಿದವರನ್ನು ಅದರಲ್ಲಿ ಸೇರಿಸಿರಲಿಲ್ಲ.