ಕಣ್ಣಿಗೆ ಕಾಣದ ಬಲೆ

ಮೊಬೈಲಿನ ಗಾಜನ್ನು ಬೆರಳಿನಿಂದ ಸವರುವುದು ಈಗ ನಮಗೆಲ್ಲ ಹಣೆಗೆ ಕುಂಕುಮ ಇಟ್ಟುಕೊಂಡಷ್ಟೇ ಸಲೀಸು. ಬೆರಳು ಬಂದದ್ದು ಆ ಗಾಜಿಗೆ ಹೇಗೆ ತಿಳಿಯುತ್ತದೆ ಎಂದು ಕೇಳುವವರು ಕಡಿಮೆ. ಕಂಡುಹಿಡಿದವರು ಯಾರೆಂದು ಕೇಳಿದರೆ ಹುಡುಗರು ಥಟ್ಟನೆ ಒಂದು ಕಂಪನಿಯ ಹೆಸರನ್ನೂ 2007 ಎಂಬ ಇಸವಿಯನ್ನೂ ಹೇಳಿ ಮುಗಿಸುತ್ತಾರೆ. ಒಂದು ರಸಪ್ರಶ್ನೆ ಸ್ಪರ್ಧೆಯಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ‘1965, ಇಂಗ್ಲೆಂಡ್’ ಎಂದು ಬರೆದಳು. ಅಂಕ ಸಿಗಲಿಲ್ಲ, ಅದರಿಂದಾಗಿ ಬಹುಮಾನವೂ ತಪ್ಪಿತು. ನಾನು ಹೋಗಿ ವಾದಿಸಿದೆ. “ಮಾದರಿ ಉತ್ತರದಲ್ಲಿ ಹೀಗಿಲ್ಲವಲ್ಲ ಮೇಡಂ” ಎಂದರು. ಇತಿಹಾಸ ಪಾಠ ಮಾಡುವವಳ ಹೊಟ್ಟೆ ಉರಿಸಲು ಇಷ್ಟು ಸಾಲದೆ?

ಹುಡುಗಿ ಬರೆದದ್ದು ಸರಿಯಾಗಿಯೇ ಇತ್ತು. ಇಂಗ್ಲೆಂಡಿನ ಮಾಲ್ವರ್ನ್ ಊರಿನಲ್ಲಿ ರಾಯಲ್ ರಡಾರ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಿತ್ತು. ಅಲ್ಲಿನ ಇ. ಎ. ಜಾನ್ಸನ್ 1965ರಲ್ಲಿ ಈ ಬಗ್ಗೆ ಒಂದು ಚಿಕ್ಕ ಲೇಖನ ಬರೆದರು. 1967ರಲ್ಲಿ ಚಿತ್ರಗಳ ಸಮೇತ ದೊಡ್ಡದೊಂದನ್ನು ಬರೆದರು. ವಿಮಾನಗಳ ಓಡಾಟ ನೋಡಿಕೊಳ್ಳುವವರು ಕೀಲಿಮಣೆಯಲ್ಲಿ ಅಕ್ಷರ ಹುಡುಕುತ್ತ ಕೂರುವ ಬದಲು, ಪರದೆಯಲ್ಲಿ ಕಂಡದ್ದನ್ನೇ ಮುಟ್ಟಿ ಕಂಪ್ಯೂಟರಿಗೆ ತಿಳಿಸಲಿ ಎಂಬುದು ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಪರದೆಯ ಮುಂದೆ ತಂತಿಗಳನ್ನು ಜೋಡಿಸಿದರು.

ಫ್ಯಾನ್ ನಿಧಾನವಾದರೆ ಎಲೆಕ್ಟ್ರೀಷಿಯನ್ ಬಂದು ‘ಕೆಪಾಸಿಟರ್ ಹೋಗಿದೆ ಅಮ್ಮಾ’ ಎನ್ನುತ್ತಾನಲ್ಲ, ಅದೇ ಕೆಪಾಸಿಟರಿನ ತತ್ವ ಇಲ್ಲಿಯೂ ಇದೆ. ಎರಡು ಲೋಹದ ನಡುವೆ ವಿದ್ಯುತ್ ಹರಿಯದ ಒಂದು ಪದರವಿದ್ದರೆ ಅಲ್ಲಿ ವಿದ್ಯುದಂಶ ಕೂಡಿಕೊಳ್ಳುತ್ತದೆ. ನಮ್ಮ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಆದ್ದರಿಂದ ಹೂರಣದ ಪಾತ್ರೆಗೆ ಮಗು ಬೆರಳು ಅದ್ದಿದ ಹಾಗೆ, ಹತ್ತಿರ ಬಂದ ಬೆರಳು ಆ ಲೆಕ್ಕವನ್ನು ಚೂರು ಏರುಪೇರು ಮಾಡುತ್ತದೆ. ಎಲ್ಲಿ ಏರುಪೇರಾಯಿತೆಂದು ಯಂತ್ರ ಹುಡುಕುತ್ತದೆ, ಅಷ್ಟೆ. ಗಾಜಿನ ಮೇಲೆ ನೀರಿನ ಹನಿ ಬಿದ್ದರೂ ಲೆಕ್ಕ ಕೆಡುತ್ತದೆ. ಪಾತ್ರೆ ತೊಳೆಯುತ್ತಿರುವಾಗ ಫೋನು ಬಂದರೆ ನಾವು ಸೆರಗಿಗೆ ಕೈ ಒರೆಸುವುದು ಅದಕ್ಕೇ.

ತತ್ವವೇನೋ ಸರಳ. ಆದರೆ ಪರದೆಯನ್ನು ನೋಡಲೂ ಬೇಕು, ಅದರ ಮೇಲೆ ಲೋಹವೂ ಇರಬೇಕು, ಆ ಲೋಹ ಕಾಣಲೂಬಾರದು. ಕಷ್ಟವೆಲ್ಲ ಇಲ್ಲಿಯೇ ಇರುವುದು.

ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಸುಮಾರು 7 ಕಿಲೋಮೀಟರ್ ಸುತ್ತಳತೆಯ ಒಂದು ಯಂತ್ರ ಕಟ್ಟುತ್ತಿದ್ದರು. ಅದರ ಭಾಗಭಾಗಕ್ಕೂ ಒಂದೊಂದು ಗುಂಡಿ ಇಟ್ಟರೆ ನಿಯಂತ್ರಣ ಕೊಠಡಿಯಲ್ಲಿ ಮನುಷ್ಯರಿಗೇ ಜಾಗವಿರುತ್ತಿರಲಿಲ್ಲ. ಫ್ರಾಂಕ್ ಬೆಕ್ ಇದಕ್ಕೊಂದು ದಾರಿ ಕೇಳಿದಾಗ, ಡೆನ್ಮಾರ್ಕಿನ ಎಂಜಿನಿಯರ್ ಬೆಂಟ್ ಸ್ಟುಂಪೆ 1972ರ ಮಾರ್ಚ್ 11ರಂದು ಕೈಬರಹದ ಟಿಪ್ಪಣಿಯಲ್ಲಿ ಉತ್ತರ ಕೊಟ್ಟರು. ಗಾಜಿಗೆ ತಾಮ್ರದ ತೆಳುಲೇಪ ಕೊಟ್ಟು, ಅದರಲ್ಲಿ 80 ಮೈಕ್ರಾನ್ ಅಗಲದ ಗೆರೆಗಳನ್ನು 80 ಮೈಕ್ರಾನ್ ಬಿಟ್ಟು ಬಿಟ್ಟು ಮೂಡಿಸುವುದು ಉಪಾಯ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 80 ಎಂದರೆ ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. ಮೊದಲ ಪರದೆಯಲ್ಲಿ 16 ಗುಂಡಿಗಳಿದ್ದವು, ಯಾವುದರ ಮೇಲೆ ಏನು ಬರೆಯಬೇಕೆಂಬುದು ಕಂಪ್ಯೂಟರಿಗೆ ಬಿಟ್ಟದ್ದು. ಆ ಯಂತ್ರ 1976ರಲ್ಲಿ ಶುರುವಾಯಿತು. ಆದರೆ ಗೆರೆ ಎಷ್ಟೋ ಖಾಲಿ ಜಾಗವೂ ಅಷ್ಟೇ ಇದ್ದುದರಿಂದ ಗುಂಡಿಯ ಜಾಗದಲ್ಲಿ ಅರ್ಧ ಗಾಜು ತಾಮ್ರದಡಿ ಹೋಯಿತು. ಎಂಜಿನಿಯರುಗಳು ಅದನ್ನು ಸಹಿಸಿಯಾರು, ಮದುವೆಯ ವಿಡಿಯೋ ನೋಡುವ ನಾವು ಸಹಿಸುತ್ತೇವೆಯೆ?

ಮುಂದೆ ಲೋಹವನ್ನು ಬಿಟ್ಟು ಪಾರದರ್ಶಕವಾದ ಇಂಡಿಯಂ ಟಿನ್ ಆಕ್ಸೈಡ್ ಲೇಪಕ್ಕೆ ಮೊರೆಹೋದರು. 2007ರ ಆಚೆಗೆ ಮನೆಮನೆಗೂ ಬಂದ ಫೋನುಗಳಲ್ಲಿ ಇದ್ದದ್ದು ಬಹುಪಾಲು ಇದೇ. ಇಂಡಿಯಂ 1863ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಸಿಕ್ಕ ಧಾತು. ಹುಡುಕುತ್ತಿದ್ದ ರೈಶ್ ಅವರಿಗೆ ಬಣ್ಣಗಳು ಗೊತ್ತಾಗುತ್ತಿರಲಿಲ್ಲ. ಬೆಳಕಿನಲ್ಲಿ ಗಾಢ ನೀಲಿ ಗೆರೆಯನ್ನು ಕಂಡವರು ಜೊತೆಗಾರ ರಿಕ್ಟರ್. ಆ ನೀಲಿಯಿಂದಲೇ ಹೆಸರು ಬಂತು. ನೀಲಿಗೆ ಯುರೋಪಿನವರು ಇಟ್ಟಿದ್ದ ‘ಇಂಡಿಗೋ’ ಎಂಬ ಹೆಸರಾದರೂ ಇಂಡಿಯಾದಿಂದ ಹೋದದ್ದೇ. ನಮ್ಮ ದೇಶದ ಹೆಸರು ಹೀಗೆ ಸುತ್ತಿ ಬಳಸಿ ಜಗತ್ತಿನ ಅಂಗೈಗಳಲ್ಲೆಲ್ಲ ಕೂತದ್ದು ನನಗೆ ಬಲು ಇಷ್ಟದ ಸಂಗತಿ.

ಆದರೆ ಈ ಲೇಪ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಜೊತೆಗೆ ತಾಮ್ರದಲ್ಲಿ ಹರಿದಷ್ಟು ಸುಲಭವಾಗಿ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ತಡೆ ನೂರು ಪಟ್ಟಿನ ಆಸುಪಾಸು ಹೆಚ್ಚು. ಅಂಗೈಯಗಲದ ಫೋನಿಗೆ ಸಾಕು, ಮೇಜಿನಗಲದ ಪರದೆಗೆ ಸಾಲದು. ಆಗ ಮತ್ತೆ ಲೋಹವೇ ಬಂತು, ಈ ಸಲ ಬಲೆಯ ರೂಪದಲ್ಲಿ. ಉದಾಹರಣೆಗೆ, 4 ಮೈಕ್ರಾನ್ ಗೆರೆಗಳನ್ನು 300 ಮೈಕ್ರಾನಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಎಳೆದರೆ ಲೋಹ ಮುಚ್ಚುವುದು ಶೇಕಡ 3ಕ್ಕೂ ಕಡಿಮೆ ಜಾಗ. ಒಂದು ಎಳೆ ಕಡಿದರೂ ಪಕ್ಕದ ಎಳೆಯಿಂದ ವಿದ್ಯುತ್ ದಾಟಿಕೊಳ್ಳುತ್ತದೆ.

ಆದರೂ ಕಣ್ಣನ್ನು ಒಪ್ಪಿಸುವುದು ಸುಲಭವಿಲ್ಲ. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದರೆ ಅಲೆಅಲೆಯಾದ ಪಟ್ಟೆಗಳು ಕಾಣುವುದನ್ನು ನೀವು ನೋಡಿದ್ದೀರಿ. ಚಿತ್ರ ಮೂಡಿಸುವ ಚುಕ್ಕಿಗಳು ಪರದೆಯಲ್ಲಿ ಸಾಲಾಗಿ ಇರುತ್ತವೆ. ಅವುಗಳ ಮೇಲೆ ಬಲೆ ಹಾಸಿದರೆ ಅದೇ ಪಟ್ಟೆಗಳು ಬರುತ್ತವೆ. ಇದಕ್ಕೆ ‘ಮೋರೆ’ ಎನ್ನುತ್ತಾರೆ. ನೀರಿನ ಅಲೆಯಂತೆ ಮಿರುಗುವ ಒಂದು ಬಗೆಯ ರೇಷ್ಮೆ ಬಟ್ಟೆಯ ಫ್ರೆಂಚ್ ಹೆಸರದು. ಅದನ್ನು ತಪ್ಪಿಸಲು ಬಲೆಯನ್ನು ಓರೆಯಾಗಿ ಕೂರಿಸುತ್ತಾರೆ, ಗೆರೆಗಳನ್ನು ಅಂಕುಡೊಂಕು ಮಾಡುತ್ತಾರೆ, ಹೊಳೆಯದಂತೆ ಕಪ್ಪು ಬಳಿಯುತ್ತಾರೆ. ಒಂದು ಎಲೆಕ್ಟ್ರೋಡ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಖಾಲಿ ಜಾಗ ಎದ್ದು ಕಾಣುತ್ತದೆಂದು, ಯಾವುದಕ್ಕೂ ಸೇರದ ಬಲೆಯ ತುಂಡುಗಳನ್ನು ಅಲ್ಲಿ ತುಂಬುತ್ತಾರೆ. ವಿದ್ಯುತ್ತಿನ ದೃಷ್ಟಿಯಿಂದ ಅವುಗಳಿಗೆ ಕೆಲಸವೇ ಇಲ್ಲ, ನಮ್ಮ ಕಣ್ಣಿಗೆ ಮರೆಮಾಚುವುದಷ್ಟೇ.

ಬಲೆಯನ್ನು ಮಾಡುವ ದಾರಿಗಳಲ್ಲಿ ನನಗೆ ಹಿಡಿಸಿದ್ದು ಜಪಾನಿನ ಫ್ಯೂಜಿಫಿಲ್ಮ್‌ನದು. ಡಿಜಿಟಲ್ ಕ್ಯಾಮೆರಾ ಬಂದು ರೀಲುಗಳ ವ್ಯಾಪಾರ ಕುಸಿದಮೇಲೆ, ಆ ಕಂಪನಿ ಬೆಳ್ಳಿಯ ಲವಣ ಸವರಿದ ಹಾಳೆಯ ಮೇಲೆ ಬೆಳಕಿನಿಂದ ಬಲೆಯ ಚಿತ್ರ ಮೂಡಿಸಿ, ಫೋಟೋ ತೊಳೆದಂತೆ ತೊಳೆದು ಬೆಳ್ಳಿಯ ಗೆರೆಗಳನ್ನು ಪಡೆಯಿತು. ನಮ್ಮ ನಡುಮನೆಯ ಗೋಡೆಯಲ್ಲಿ ಅಪ್ಪ ಅಮ್ಮನ ಕಪ್ಪುಬಿಳುಪು ಮದುವೆ ಫೋಟೋ ಇದೆ. ಅದರಲ್ಲಿ ಅಮ್ಮನ ಜಡೆಯ ಕಪ್ಪು ಕೂಡ ಬೆಳ್ಳಿಯ ಕಣಗಳದ್ದೇ.