ಸೋತ ನಾಟಕ ಮತ್ತು ಬೀಳಗಿಯ ಗೋಹರಬಾಯಿ

ಆಳಂದದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಮಗ್ರಿಬ್ ನಮಾಝಿನ ನಂತರ ನಾಲ್ಕಾರು ಹಿರಿಯರು ಕೂಡುತ್ತಿದ್ದರು. ಮಳೆ, ತೊಗರಿಯ ಧಾರಣೆ, ಲಾಡ್ಲೆ ಮಶಾಯಿಖರ ಉರುಸು, ಯಾರದೋ ಮಗಳ ಮದುವೆ, ಇಷ್ಟು ಮಾತು ಮುಗಿದ ಮೇಲೆ ನಾಟಕದ ಮಾತು ಬರುತ್ತಿತ್ತು. ನಾವಾಗ ಚಿಕ್ಕವರು. ಉರ್ದುವನ್ನೂ ಕನ್ನಡವನ್ನೂ ಒಟ್ಟಿಗೇ ಕಲಿಯುತ್ತಿದ್ದ ನಮಗೆ ಆ ಮುದುಕರ ಬಾಯಲ್ಲಿ ನಡುನಡುವೆ ಮರಾಠಿ ಹಾಡಿನ ಎಳೆಯೊಂದು ಬಂದಾಗ ಸೋಜಿಗವಾಗುತ್ತಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಆ ಧಾಟಿ ಇಂದಿಗೂ ಕಿವಿಯಲ್ಲಿದೆ.

ನಮ್ಮ ಅಜ್ಜನಿಗೆ ಒಂದು ಕಥೆ ಬಹಳ ಪ್ರಿಯವಾಗಿತ್ತು. ಹರೆಯದಲ್ಲಿ ಗೆಳೆಯರೊಂದಿಗೆ ಸೊಲ್ಲಾಪುರಕ್ಕೆ ಹೋಗಿ ಬಾಲಗಂಧರ್ವರ ನಾಟಕ ನೋಡಿದ ಕಥೆ. ಆಗ ಆಳಂದ ನಿಜಾಮರ ಸೀಮೆ, ಸೊಲ್ಲಾಪುರ ಬ್ರಿಟಿಷರದು. ಗಡಿ ದಾಟುವಾಗ ನಮ್ಮ ಹಾಲಿ ಸಿಕ್ಕಾ ಕೊಟ್ಟು ಕಲ್ದಾರ್ ರೂಪಾಯಿ ಮಾಡಿಕೊಳ್ಳಬೇಕಿತ್ತು. ಅಷ್ಟು ಕಷ್ಟಪಟ್ಟು ಹೋಗಿ ಕುಳಿತರೆ ಅರ್ಧ ಕುರ್ಚಿ ಖಾಲಿ. ಊರೆಲ್ಲ ಹೊಗಳುತ್ತಿದ್ದ ಸುಂದರಿಯ ಬದಲು ಐವತ್ತು ದಾಟಿದ ದಪ್ಪ ಮೈಯ ಗಂಡಸೊಬ್ಬ ಸೀರೆಯುಟ್ಟು ಬಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಆಟ ಬಿತ್ತಪಾ, ಆದ್ರ ಹಾಡು ಬೀಳಲಿಲ್ಲ" ಎಂದು ಅಜ್ಜ ನಿಲ್ಲಿಸುತ್ತಿದ್ದರು. ಒಂದು ಕ್ಷಣ ಬಿಟ್ಟು, "ಆ ಬೀಳಗಿ ಹೆಣ್ಣ ಗೋಹರ ಬಂದು ಗಂಧರ್ವನ ಮನಿ ಮುರೀತು" ಎಂದು ಸೇರಿಸುತ್ತಿದ್ದರು. ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸುತ್ತಿದ್ದರು.

ಮುಂದೆ ಅಫಜಲಪುರದ ಕಡೆ ಹಳ್ಳಿಹಳ್ಳಿ ತಿರುಗಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರೊಬ್ಬರ ಪರಿಚಯವಾಯಿತು. ಭೀಮೆಯ ದಂಡೆಯ ಜಾತ್ರೆಗಳಲ್ಲಿ ಅವರ ಪೆಟ್ಟಿಗೆ ಕೇಳದ ವರ್ಷವಿರಲಿಲ್ಲ. ಗಂಧರ್ವರ ಮಾತು ತೆಗೆದಾಗ ಅವರೂ ಅದೇ ತೀರ್ಪು ಕೊಟ್ಟರು: "ಎಲ್ಲಾ ಆ ಗೋಹರಬಾಯಿಂದ ಆತು ನೋಡ್ರಿ." ಅವರು ಗೋಹರಬಾಯಿಯನ್ನು ನೋಡಿದವರಲ್ಲ, ತಮ್ಮ ಗುರುಗಳಿಂದ ಕೇಳಿದವರು. ಗುರುಗಳು ಮತ್ತಾರಿಂದಲೋ ಕೇಳಿದ್ದರು. ಹೀಗೆ ಪ್ರೇಕ್ಷಕರ ನೆನಪು ಬಾಯಿಂದ ಬಾಯಿಗೆ ಹೋಗುತ್ತ ಕಾನೂನಿನಷ್ಟು ಗಟ್ಟಿಯಾಗಿತ್ತು.

ಕಥೆ ಬರೆಯುವ ನಮಗೆ ಒಂದು ಅಭ್ಯಾಸವಿದೆ. ಎಲ್ಲರೂ ಒಂದೇ ಮಾತು ಹೇಳಿದರೆ ಅನುಮಾನ ಬರುತ್ತದೆ. ಹಾಗಾಗಿ ಒಂದು ದಿನ ತಾರೀಖುಗಳನ್ನು ಸಾಲಾಗಿ ಬರೆದುಕೊಂಡು ನೋಡಿದೆವು. ಓದುಗರೂ ನಮ್ಮೊಡನೆ ನೋಡಬೇಕೆಂದು ಕೋರುತ್ತೇವೆ.

ಬಾಲಗಂಧರ್ವರ ನಿಜವಾದ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರಲ್ಲಿ. ಬಾಲಕನ ಹಾಡು ಕೇಳಿ 'ಬಾಲಗಂಧರ್ವ' ಎಂದು ಕರೆದವರು ಲೋಕಮಾನ್ಯ ತಿಲಕರು. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದ ಅವರು ಶಕುಂತಲೆಯಾಗಿ ರಂಗಕ್ಕೆ ಬಂದರು. 1913ರಲ್ಲಿ ಗೆಳೆಯರೊಂದಿಗೆ ಗಂಧರ್ವ ನಾಟಕ ಮಂಡಳಿ ಕಟ್ಟಿದರು. 1916ರ 'ಸ್ವಯಂವರ'ಕ್ಕೆ ಸಂಗೀತ ಹೊಂದಿಸಿದವರು ಭಾಸ್ಕರಬುವಾ ಬಖಲೆ. ಅವರು ನಮ್ಮ ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದವರು, ಫೈಜ್ ಮಹಮ್ಮದ್ ಖಾನ್, ನತ್ಥನ್ ಖಾನ್, ಅಲ್ಲಾದಿಯಾ ಖಾನರಂಥ ಉಸ್ತಾದರ ಬಳಿ ಕಲಿತವರು. ಮಂಡಳಿಯ ತಬಲಾದ ಮುಂದೆ ಅಹ್ಮದ್ ಜಾನ್ ತಿರಖ್ವಾ ಕುಳಿತರು, ಸಾರಂಗಿಯ ಮುಂದೆ ಖಾದರ್ ಬಕ್ಷ್. ಪೌರಾಣಿಕ ನಾಟಕದ ಆ ಹಾಡುಗಳ ಕೆಳಗೆ ಮುಸ್ಲಿಂ ಉಸ್ತಾದರ ಲಯ ಮೊದಲಿನಿಂದಲೂ ಹರಿಯುತ್ತಿತ್ತು. ಅದನ್ನು ಆಗ ಯಾರೂ ಆಕ್ಷೇಪಿಸಲಿಲ್ಲ.

ಗಂಧರ್ವರಿಗೆ ಲೆಕ್ಕ ಬರುತ್ತಿರಲಿಲ್ಲ. ಪಾತ್ರಕ್ಕೆ ಅಸಲಿ ಜರಿಯ ಸೀರೆಯೇ ಬೇಕು, ಅತ್ತರು ಬೆಲೆಬಾಳುವುದೇ ಬೇಕು. 1920ರಲ್ಲಿ ಖಾಡಿಲ್ಕರರ 'ದ್ರೌಪದಿ' ನಾಟಕವನ್ನು ಆಡಿಸಿದಾಗ ರಂಗಸಜ್ಜಿಕೆಗೆ ನೀರಿನಂತೆ ಹಣ ಸುರಿದರು. ಮಯಸಭೆಯೇ ವೇದಿಕೆಗೆ ಇಳಿದು ಬರಬೇಕೆಂಬುದು ಅವರ ಹಟ. ಆದರೆ 'ಸ್ವಯಂವರ'ಕ್ಕೆ, 1919ರ 'ಏಕಚ್ ಪ್ಯಾಲಾ'ಕ್ಕೆ ಬಂದಂತೆ ಜನ ಅದಕ್ಕೆ ಬರಲಿಲ್ಲ. ಅದರ ಬೆನ್ನಿಗೇ ಮಂಡಳಿ ದೊಡ್ಡ ಸಾಲದಲ್ಲಿ ಸಿಕ್ಕಿಕೊಂಡಿತು. ಹೀಗಿದ್ದರೂ 1921ರ ಜುಲೈ 8ರಂದು ಕೇಶವರಾವ ಭೋಸಲೆಯವರ ಜೊತೆ ಕೂಡಿ 'ಮಾನಾಪಮಾನ' ಆಡಿ ಬಂದ ಹಣವನ್ನು ತಿಲಕ ಸ್ವರಾಜ್ಯ ನಿಧಿಗೆ ಕೊಟ್ಟರು. ಕೈ ದೊಡ್ಡದು, ಗಂಟು ಸಣ್ಣದು.

ಆಮೇಲೆ ಬಂದದ್ದು ಮಾತಾಡುವ ಸಿನಿಮಾ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ತೆರೆ ಕಂಡಿತು. 1932ರಲ್ಲಿ ಮರಾಠಿಯ 'ಅಯೋಧ್ಯೇಚಾ ರಾಜಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ' ಬಂದವು. ನಾಟಕದ ಪ್ರೇಕ್ಷಕ ನಾಲ್ಕಾಣೆ ಕೊಟ್ಟು ಟಾಕೀಸಿನೊಳಗೆ ಹೋಗಿ ಕುಳಿತ. ಮೂವತ್ತರ ದಶಕದ ನಡುವೆ ಗಂಧರ್ವ ಮಂಡಳಿಯ ಬಾಗಿಲು ಮುಚ್ಚಿತು. ಗಂಧರ್ವರೂ ಸಿನಿಮಾಕ್ಕೆ ಹೋದರು. 1935ರಲ್ಲಿ ಪ್ರಭಾತ್ ಕಂಪನಿಗಾಗಿ ವಿ. ಶಾಂತಾರಾಂ ನಿರ್ದೇಶಿಸಿದ 'ಧರ್ಮಾತ್ಮಾ'ದಲ್ಲಿ ಅವರು ಸಂತ ಏಕನಾಥರಾದರು. ಮೂವತ್ತು ವರ್ಷ ಸೀರೆಯಲ್ಲಿ ನೋಡಿದವರನ್ನು ಗಡ್ಡ ಮೀಸೆಯ ಸಂತನಾಗಿ ನೋಡಲು ಜನರ ಮನಸ್ಸು ಒಪ್ಪಲಿಲ್ಲ. ಪ್ರಭಾತ್ ಜೊತೆಗಿನ ನಂಟು ಆ ಒಂದೇ ಚಿತ್ರಕ್ಕೆ ಮುಗಿಯಿತು. 1937ರಲ್ಲಿ ಬಾಬೂರಾವ್ ಪೇಂಟರರ 'ಸಾಧ್ವಿ ಮೀರಾಬಾಯಿ'ಯಲ್ಲಿ ಮತ್ತೆ ಹೆಣ್ಣಾದರು. ಅದೂ ಕೈಹಿಡಿಯಲಿಲ್ಲ.

ಇಷ್ಟೆಲ್ಲ ಆದ ಮೇಲೆ, ಮೂವತ್ತರ ದಶಕದ ಕೊನೆಯಲ್ಲಿ, ಗೋಹರಬಾಯಿ ಕರ್ನಾಟಕಿ ಗಂಧರ್ವರ ರಂಗಕ್ಕೆ ಬಂದರು. ನಾಟಕ ಸೋತು ಹದಿನೇಳು ವರ್ಷಗಳಾಗಿದ್ದವು, ಸಾಲ ಹಳೆಯದಾಗಿತ್ತು, ಮಂಡಳಿ ಒಮ್ಮೆ ಮುಚ್ಚಿ ಹೋಗಿತ್ತು, ನಾಯಕನಿಗೆ ಐವತ್ತಾಗುತ್ತಿತ್ತು. ನಮ್ಮ ಅಜ್ಜ ಹೇಳಿದ ಮನೆ ಮುರಿದದ್ದು ಗೋಹರ ಆ ಮನೆಯ ಹೊಸ್ತಿಲು ತುಳಿಯುವ ಮೊದಲೇ.

ಈ ಗೋಹರಬಾಯಿ ಯಾರು? ಕಲ್ಕತ್ತೆಯಲ್ಲಿ ಹೆಸರು ಮಾಡಿ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಬೇರೆ. ನಮ್ಮ ಗೋಹರ ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಹಾಡು ಮತ್ತು ನಾಟಕದ ನಂಟಿದ್ದ ಮುಸ್ಲಿಂ ಕುಟುಂಬದವರು. 'ಕಿಸ್ಮತ್' ಚಿತ್ರದ ಹಾಡುಗಳಿಂದ 1943ರಲ್ಲಿ ದೇಶಕ್ಕೆಲ್ಲ ಪರಿಚಿತರಾದ ಅಮೀರ್‌ಬಾಯಿ ಕರ್ನಾಟಕಿ ಇವರ ಸಹೋದರಿ. ಊರ ಹೆಸರಿನ ಬದಲು ನಾಡಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ಮುಂಬಯಿಗೆ ಹೋದ ಅಕ್ಕತಂಗಿಯರಿವರು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದು ಈ ಮನೆತನದ ನೆನಪನ್ನು ಉಳಿಸಿದರು. ಇಲ್ಲವಾದರೆ ನಾವೂ ಮರೆತುಬಿಡುತ್ತಿದ್ದೆವೇನೋ.

ಗೋಹರಬಾಯಿಗೆ ಗಂಧರ್ವರ ಗಾಯನದ ಹುಚ್ಚು. ಅವರ ಧಾಟಿಯನ್ನು ಗಂಟಲಿಗೆ ಇಳಿಸಿಕೊಂಡಿದ್ದರು. ಗಂಧರ್ವರು ಗಂಡು ಪಾತ್ರಕ್ಕೆ ಸರಿದು ನಾಯಕಿಯ ಪಾತ್ರವನ್ನು ಗೋಹರಬಾಯಿಗೆ ಬಿಟ್ಟುಕೊಟ್ಟಾಗ ಪ್ರೇಕ್ಷಕರಿಗೆ ಸಿಟ್ಟು ಬಂತು. ಮೂವತ್ತು ವರ್ಷ ಗಂಡಸಿನ ಮೈಯಲ್ಲಿ ಆದರ್ಶ ಹೆಣ್ಣನ್ನು ಕಂಡವರಿಗೆ ಎದುರಿಗೆ ನಿಜವಾದ ಹೆಣ್ಣು ಬಂದು ನಿಂತಾಗ ಅವಳು ನಕಲಿಯಾಗಿ ಕಂಡಳು! ಅದರ ಮೇಲೆ ಅವಳು ಕನ್ನಡ ಸೀಮೆಯವಳು, ಹಾಡುವ ಮನೆತನದವಳು, ಮುಸ್ಲಿಮಳು. ಆರೋಪಿಯ ಹೆಸರು ಬರೆಯಲು ಕಾಯುತ್ತಿದ್ದ ಕಾಗದಕ್ಕೆ ಇನ್ನೇನು ಬೇಕಿತ್ತು?

ಗೋಹರಬಾಯಿ ತಪ್ಪೇ ಮಾಡದ ದೇವತೆ ಎಂದು ನಾವು ಹೇಳುತ್ತಿಲ್ಲ. ಕಂಪನಿಯಲ್ಲಿ ಅವರ ಮಾತೇ ನಡೆಯಿತು, ಹಳೆಯ ಜನ ಮುನಿದು ಹೋದರು ಎನ್ನುವವರಿದ್ದಾರೆ. ಇರಬಹುದು. ಯಾವ ಕಂಪನಿಯಲ್ಲಿ ಇಂಥ ಮುನಿಸು ಇರಲಿಲ್ಲ? ಅಬ್ದುಲ್ ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರ್ ಕಟ್ಟಿದ ನಾಟಕ ಸಂಸ್ಥೆಯೂ ಟಾಕಿಯ ಹೊಡೆತದ ಅದೇ ದಿನಗಳಲ್ಲಿ ಸಾಲ ಹೊತ್ತು ಮುಚ್ಚಿತು. ಆ ಕಾಲದಲ್ಲಿ ನಾಟಕವೆಂಬ ಉದ್ಯೋಗವೇ ಮುಳುಗುತ್ತಿತ್ತು. ಮುಳುಗುವ ಹಡಗಿಗೆ ಕೊನೆಯಲ್ಲಿ ಹತ್ತಿದವಳೇ ತೂತು ಮಾಡಿದಳೆಂದು ಹೇಳುವುದು ಇನ್ಸಾಫ್ ಅಲ್ಲ.

ಸೋತ ನಾಟಕವನ್ನು ಮರೆಯದೆ ಹೇಳಿಕೊಳ್ಳುವ ಚಾಳಿ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಎಂಬ ನಾಟಕಶಾಲೆಗಳ ಬೀದಿಯಿದೆ. ಅಲ್ಲಿ 1988ರ ಮೇ 12ರಂದು 'ಕ್ಯಾರಿ' ಎಂಬ ಸಂಗೀತ ನಾಟಕ ಅಧಿಕೃತವಾಗಿ ಆರಂಭವಾಗಿ ಮೇ 15ಕ್ಕೆ ನಿಂತುಹೋಯಿತು. ಮುನ್ನೋಟದ 16 ಪ್ರದರ್ಶನಗಳನ್ನು ಬಿಟ್ಟರೆ ಆಡಿದ್ದು 5 ಆಟ. ಮುಳುಗಿದ್ದು 70 ಲಕ್ಷ ಡಾಲರಿಗೂ ಹೆಚ್ಚು. ಇಂಗ್ಲೆಂಡಿನ ಪ್ರತಿಷ್ಠಿತ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಅದರ ಹಿಂದಿತ್ತು. ಅಂದಿನಿಂದ ಅಲ್ಲಿ ಸೋಲಿಗೆ 'ಕ್ಯಾರಿ'ಯೇ ಅಳತೆಗೋಲಾಯಿತು. ಬ್ರಾಡ್‌ವೇಯ ಸೋತ ನಾಟಕಗಳ ಬಗ್ಗೆ 1991ರಲ್ಲಿ ಪುಸ್ತಕ ಬರೆದ ಕೆನ್ ಮ್ಯಾಂಡೆಲ್‌ಬಾಮ್ ಅದರ ಶೀರ್ಷಿಕೆಯಲ್ಲೇ ಆ ಹೆಸರು ಇಟ್ಟರು.

ಆದರೆ ಆ ನಾಟಕ ನೋಡಿದವರು ಹೇಳುವ ಒಂದು ಗಳಿಗೆ ನಮ್ಮನ್ನು ಬಹಳ ಕಾಡಿತು. ಮೊದಲ ಮುನ್ನೋಟದ ಕೊನೆಗೆ ಕತ್ತಲಾದಾಗ ಸಭಾಂಗಣದಲ್ಲಿ ಕೂಗಾಟ, ಛೀಮಾರಿ. ಮರುಗಳಿಗೆ ಬೆಳಕು ಬಂದು, ತಾಯಿಯ ಪಾತ್ರದ ಬೆಟ್ಟಿ ಬಕ್ಲಿ ಮತ್ತು ಮಗಳ ಪಾತ್ರದ ಹದಿಹರೆಯದ ಲಿಂಝಿ ಹೇಟ್ಲಿ ವಂದಿಸಲು ಎದ್ದಾಗ ಅದೇ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಛೀಮಾರಿ ನಾಟಕಕ್ಕೆ, ಚಪ್ಪಾಳೆ ಹಾಡಿದವರಿಗೆ. ಅಲ್ಲಿ ಕದ್ದು ದಾಖಲಿಸಿಕೊಂಡ ಧ್ವನಿಸುರುಳಿಗಳನ್ನು ಅಭಿಮಾನಿಗಳು ವರ್ಷಗಟ್ಟಲೆ ಕೈಯಿಂದ ಕೈಗೆ ದಾಟಿಸಿದರು. 24 ವರ್ಷಗಳ ನಂತರ, 2012ರಲ್ಲಿ, ನಾಟಕವನ್ನು ತಿದ್ದಿ ನ್ಯೂಯಾರ್ಕಿನ ಚಿಕ್ಕ ರಂಗಮಂದಿರವೊಂದರಲ್ಲಿ ಮತ್ತೆ ಆಡಿದರು.

ಆ ಸಭೆ ಮಾಡಿದ್ದನ್ನು ನಮ್ಮ ಸೀಮೆಯ ಸಭೆ ಗೋಹರಬಾಯಿಗೆ ಮಾಡಲಿಲ್ಲ. ನಾಟಕದ ಸೋಲನ್ನೂ ಹಾಡಿದವಳನ್ನೂ ಬೇರೆ ಮಾಡಿ ನೋಡಲಿಲ್ಲ. ಗಂಧರ್ವರ ಸೋಲನ್ನು ಮಾತ್ರ ಅವರಿಂದ ಬೇರೆ ಮಾಡಿ ಪಕ್ಕದವಳ ತಲೆಗೆ ಕಟ್ಟಿದರು. ಗಂಧರ್ವರಿಗೆ ಗೌರವ ತಪ್ಪಲಿಲ್ಲ, ತಪ್ಪಬಾರದಿತ್ತು ಕೂಡ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂದವು. ಪಾರ್ಶ್ವವಾಯುವಿನಿಂದ ಕಾಲು ಸೋತಿದ್ದ ಆ ವರ್ಷಗಳಲ್ಲಿ ಪಕ್ಕದಲ್ಲಿದ್ದು ನೋಡಿಕೊಂಡವರು ಗೋಹರಬಾಯಿ. ಪದ್ಮಭೂಷಣ ಬಂದ 1964ರಲ್ಲೇ ಅವರು ತೀರಿಕೊಂಡರು. ಮೂರು ವರ್ಷದ ನಂತರ, 1967ರ ಜುಲೈ 15ರಂದು, ಗಂಧರ್ವರು ಹೋದರು. 1968ರಲ್ಲಿ ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರದ ಬಾಗಿಲು ತೆರೆಯಿತು. ಗೋಹರಬಾಯಿಗೆ ಉಳಿದದ್ದು ಕೆಲವು ಗ್ರಾಮಫೋನ್ ತಟ್ಟೆಗಳು, ಮತ್ತು ನಮ್ಮ ಕಟ್ಟೆಯ ಮೇಲಿನ ಆ ಮಾತು.

ಕೆಲವು ವರ್ಷಗಳ ಹಿಂದೆ ಜೇವರ್ಗಿಗೆ ಹೋಗಿದ್ದೆವು. ನಾಟಕಕಾರ ಜೇವರ್ಗಿ ರಾಜಣ್ಣನವರಿಂದಾಗಿ ವೃತ್ತಿರಂಗಭೂಮಿಯಲ್ಲಿ ಹೆಸರಾದ ಊರದು. ಅಲ್ಲಿ ಹಿಂದೆ ಕಂಪನಿಗಳಲ್ಲಿ ಪಾತ್ರ ಮಾಡಿದ ವೃದ್ಧೆಯೊಬ್ಬರು ಸಿಕ್ಕರು. ಯಾವ ಕಂಪನಿ, ಯಾವ ಊರು ಎಂಬುದು ಬೇಡ. ಮಳೆಗೆ ತಂಬು ಹರಿದು, ಕಲೆಕ್ಷನ್ ಇಲ್ಲದೆ ಕ್ಯಾಂಪು ನಿಂತು, ಪಗಾರವಿಲ್ಲದೆ ಹಳ್ಳಿಯಲ್ಲಿ ಉಳಿದ ದಿನಗಳನ್ನು ಅವರು ನಗುನಗುತ್ತಲೇ ಹೇಳಿದರು. ಗೋಹರಬಾಯಿಯ ಕಥೆಯನ್ನು ನಾವು ಹೇಳಿದಾಗ ನಗು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: "ಕಂಪನಿ ಎದ್ರ ಮಾಲೀಕನ ಹೆಸರ ಹೇಳ್ತಾರ. ಬಿದ್ರ ಹೆಣ್ಣಿನ ಹೆಸರ ಹೇಳ್ತಾರ. ಇದೇನ್ ಹೊಸಾದಲ್ರಿ ನಮಗ."

ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ಅಜ್ಜ ಒಳ್ಳೆಯ ಮನುಷ್ಯ. ಯಾರ ಮೇಲೂ ಸುಳ್ಳು ಹೊರಿಸಿದವರಲ್ಲ. ತಮ್ಮದೇ ಭಾಷೆಯ, ತಮ್ಮದೇ ಸಮುದಾಯದ ಹೆಣ್ಣುಮಗಳ ಮೇಲಿನ ಅಪವಾದವನ್ನು ಅವರೂ ಜೀವಮಾನವಿಡೀ ಪ್ರೀತಿಯ ಕಥೆಯೆಂಬಂತೆ ಹೇಳುತ್ತ ಬಂದರು. ಪ್ರೇಕ್ಷಕರ ನೆನಪಿನ ಬಲವೂ ಅಪಾಯವೂ ಇದೇ. ಹಾಡನ್ನು ಅದು ಅರ್ಧ ಶತಮಾನ ಕಾಪಾಡುತ್ತದೆ, ಅಷ್ಟೇ ನಿಷ್ಠೆಯಿಂದ ಚಾಡಿಯನ್ನೂ ಕಾಪಾಡುತ್ತದೆ. ಅವೆರಡನ್ನೂ ಬೇರೆ ಮಾಡುವ ಕೆಲಸವನ್ನು ನೆನಪು ಮಾಡಲಾರದು. ಅದನ್ನು ತಾರೀಖು ಮಾಡಬೇಕು. ಉರ್ದುವಿನಲ್ಲಿ ಇತಿಹಾಸಕ್ಕೆ ತಾರೀಖ್ ಎಂದೇ ಹೆಸರು.

ಆಳಂದದ ಆ ಕಟ್ಟೆ ಈಗಿಲ್ಲ, ರಸ್ತೆ ಅಗಲವಾಗಿದೆ. ಆದರೂ ಮನೆಯ ಮಕ್ಕಳು ಮುತ್ತಜ್ಜನ ಕಥೆ ಕೇಳಿದಾಗ ನಾವು ಸೊಲ್ಲಾಪುರದ ನಾಟಕದ ಕಥೆ ಹೇಳುತ್ತೇವೆ. ಹಾಲಿ ಸಿಕ್ಕಾ, ಕಲ್ದಾರ್, ಖಾಲಿ ಕುರ್ಚಿ, ಹಿಂದಿನ ಸಾಲಿನ ನಗು ಎಲ್ಲವನ್ನೂ ಹೇಳುತ್ತೇವೆ. ಆಟ ಬಿತ್ತು, ಹಾಡು ಬೀಳಲಿಲ್ಲ ಎಂಬಲ್ಲಿಗೆ ಬಂದು ನಿಲ್ಲಿಸುತ್ತೇವೆ. ಅಜ್ಜನ ಕೊನೆಯ ವಾಕ್ಯವನ್ನು ನಾವು ದಾಟಿಸುವುದಿಲ್ಲ.